ಬ್ರಾಕೆಟ್ಟಿನೊಳಗೆ ಉಳಿದುಹೋದ ಸಾಲು

ನಮಸ್ಕಾರ.

ನೀವು ಕಳಿಸಿದ ‘ಬ್ರೇಕಿಂಗ್ ಬ್ಯಾಡ್ ಕಲಿಸಿದ ಹತ್ತು ಜೀವನ ಪಾಠಗಳು’ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಇದನ್ನು ಪ್ರಕಟಿಸಲು ಆಗುವುದಿಲ್ಲ. ಆದರೆ ಇದರೊಳಗೆ ನಿಜಕ್ಕೂ ಒಳ್ಳೆಯ ಬರಹವೊಂದು ಇದೆ. ಸುಮ್ನೆ ‘ಆಯ್ಕೆಯಾಗಿಲ್ಲ’ ಎಂದು ಒಂದು ಸಾಲು ಬರೆದು ಮುಗಿಸಲು ಅದಕ್ಕೇ ಮನಸ್ಸಾಗಲಿಲ್ಲ.

ಮೊದಲು ತೊಂದರೆ ಏನೆಂದು ಹೇಳುತ್ತೇನೆ. ನಿಮ್ಮ ಹತ್ತರಲ್ಲಿ ಎಂಟು ಪಾಠಗಳಿಗೆ ಈ ಅಮೆರಿಕನ್ ಟಿವಿ ಸರಣಿಯೇ ಬೇಕಿಲ್ಲ. ಕೆಟ್ಟ ದಾರಿ ಹಿಡಿಯಬಾರದು, ಸುಳ್ಳು ಒಂದು ದಿನ ಹೊರಬೀಳುತ್ತದೆ, ದುರಾಸೆ ಒಳ್ಳೆಯದಲ್ಲ. ಇವೆಲ್ಲ ನಿಜವೇ. ಆದರೆ 62 ಕಂತು ನೋಡಿದವರು, ಒಂದೂ ನೋಡದವರು ಹೇಳಬಹುದಾದ ಮಾತನ್ನೇ ಹೇಳಿದರೆ ಓದುವವರಿಗೆ ಏನು ಸಿಕ್ಕಿತು? ‘ನಾವೆಲ್ಲರೂ ಅರಿಯಬೇಕು’ ಎಂಬ ಮಾತು ಲೇಖನದಲ್ಲಿ ಆರು ಸಲ ಬಂದಿದೆ. ಹೇಳುವುದಕ್ಕೆ ಏನೂ ಉಳಿಯದಾಗ ಕೈಗೆ ಸಿಗುವ ಮಾತು ಅದು.

ಇದಕ್ಕಿಂತ ದೊಡ್ಡ ತೊಂದರೆ ಇನ್ನೊಂದಿದೆ. ಸರಣಿಯ ನಾಯಕ ವಾಲ್ಟರ್ ವೈಟ್‌ನ ಕಥೆಯನ್ನು ನೀವು ಸ್ವಲ್ಪ ತಪ್ಪಾಗಿ ಹಿಡಿದಿದ್ದೀರಿ. ‘ಚಿಕಿತ್ಸೆಗೆ ಹಣವಿಲ್ಲದೆ, ಬೇರೆ ದಾರಿಯೇ ಕಾಣದೆ ಡ್ರಗ್ಸ್ ದಂಧೆಯಲ್ಲಿ ಉಳಿದ ಮೇಷ್ಟ್ರು’ ಎಂದು ಬರೆದಿದ್ದೀರಿ. ಶುರುವಾಗಿದ್ದು ಕಷ್ಟದಿಂದಲೇ, ಸರಿ. ಅಮೆರಿಕದ ಅಲ್ಬುಕರ್ಕಿ ಊರಿನ ಹೈಸ್ಕೂಲಿನಲ್ಲಿ ಕೆಮಿಸ್ಟ್ರಿ ಮೇಷ್ಟ್ರು, ಸಂಬಳ ಸಾಲದೆ ಸಂಜೆ ಕಾರು ತೊಳೆಯುವ ಕಡೆ ಕೆಲಸ. ಅಲ್ಲಿ ತನ್ನದೇ ವಿದ್ಯಾರ್ಥಿಯ ಕಾರಿನ ಚಕ್ರ ಉಜ್ಜಬೇಕಾಗುತ್ತದೆ. ಐವತ್ತು ತುಂಬುವ ಹೊತ್ತಿಗೆ ಶ್ವಾಸಕೋಶದ ಕ್ಯಾನ್ಸರ್.

ಆದರೆ ಮೊದಲ ಸೀಸನ್ನಿನ ಐದನೇ ಕಂತನ್ನು ಇನ್ನೊಮ್ಮೆ ನೋಡಿ. ಹಳೆಯ ಗೆಳೆಯ ಎಲಿಯಟ್‌ನ ಹುಟ್ಟುಹಬ್ಬ. ಇವರಿಬ್ಬರೂ ಒಂದು ಕಾಲದಲ್ಲಿ ಸೇರಿ ಕಂಪನಿ ಕಟ್ಟಿದವರು. ಈಗ ಗೆಳೆಯನ ಬಳಿ ಲೆಕ್ಕವಿಲ್ಲದಷ್ಟು ಹಣ. ಬೇರೆಯವರೆಲ್ಲ ದುಬಾರಿ ಉಡುಗೊರೆ ತಂದಿದ್ದರೆ, ವಾಲ್ಟರ್ ತಂದಿರುವುದು ಕಡಿಮೆ ಬೆಲೆಯ ನೂಡಲ್ಸ್ ಪೊಟ್ಟಣ. ಹಿಂದೆ ಇಬ್ಬರೂ ಅದನ್ನೇ ತಿಂದು ದಿನ ತಳ್ಳಿದ್ದರು. ಅದನ್ನು ನೋಡಿ ಎಲಿಯಟ್‌ಗೆ ನಿಜವಾಗಿ ಖುಷಿಯಾಗುತ್ತದೆ. ಆಮೇಲೆ ಅವನು ಕೆಲಸ ಕೊಡುತ್ತೇನೆ, ಇನ್ಶೂರೆನ್ಸ್ ಇದೆ ಎನ್ನುತ್ತಾನೆ. ಅವನ ಹೆಂಡತಿ ಗ್ರೆಚೆನ್ ಕೂಡ ನೆರವಿಗೆ ಮುಂದೆ ಬರುತ್ತಾಳೆ. ವಾಲ್ಟರ್ ಬೇಡ ಎನ್ನುತ್ತಾನೆ. ಹೆಂಡತಿ ಸ್ಕೈಲರ್ ಎದುರು ಮಾತ್ರ ‘ಚಿಕಿತ್ಸೆಯ ಖರ್ಚು ಅವರೇ ಕೊಡುತ್ತಿದ್ದಾರೆ’ ಎಂದು ಸುಳ್ಳು ಹೇಳಿ, ದಂಧೆಯ ಜೊತೆಗಾರನಾದ ಹಳೆಯ ವಿದ್ಯಾರ್ಥಿ ಜೆಸ್ಸಿಯನ್ನು ಹುಡುಕಿಕೊಂಡು ಹೋಗುತ್ತಾನೆ.

ದಾರಿ ಇತ್ತು, ಅಲ್ವಾ? ಅದು ಬೇರೆಯವರು ತೋರಿಸಿದ ದಾರಿ, ಅದಕ್ಕೇ ಅವನಿಗೆ ಬೇಡವಾಯಿತು.

ಆ ಕಂಪನಿಯಲ್ಲಿದ್ದ ತನ್ನ ಪಾಲನ್ನು 5,000 ಡಾಲರಿಗೆ ಮಾರಿದ್ದನ್ನು, ಈಗ ಅದು ಎಷ್ಟು ಬೆಲೆಬಾಳುತ್ತದೆ ಎಂದು ವಾರವಾರವೂ ನೋಡುವುದನ್ನು ಅವನು ಕೊನೆಯ ಸೀಸನ್ನಿನಲ್ಲಿ ಜೆಸ್ಸಿಗೆ ಹೇಳುತ್ತಾನೆ. ಅಷ್ಟು ವರ್ಷ, ಪ್ರತಿ ವಾರ! ನನಗೆ ಇಡೀ ಸರಣಿಯಲ್ಲಿ ಗುಂಡು ಹಾರುವ ದೃಶ್ಯಗಳಿಗಿಂತ ಈ ಮಾತೇ ಜಾಸ್ತಿ ಹೆದರಿಕೆ ಹುಟ್ಟಿಸಿತು. ನಿಮ್ಮ ಲೇಖನದಲ್ಲಿ ಇದು ಎಲ್ಲೂ ಇಲ್ಲ. ಇನ್ನು ನಾಲ್ಕನೇ ಪಾಠ, ‘ಕುಟುಂಬದ ಮೇಲಿನ ಪ್ರೀತಿ ಮನುಷ್ಯನಿಂದ ಏನನ್ನೂ ಮಾಡಿಸುತ್ತದೆ’. 2013ರ ಸೆಪ್ಟೆಂಬರಿನಲ್ಲಿ ಬಂದ ಕೊನೆಯ ಕಂತಿನಲ್ಲಿ ವಾಲ್ಟರ್ ಸ್ಕೈಲರ್ ಮುಂದೆ ನಿಂತು, ಇದನ್ನೆಲ್ಲ ನನಗಾಗಿ ಮಾಡಿದೆ, ನನಗೆ ಇಷ್ಟವಾಗಿತ್ತು ಎಂದು ಒಪ್ಪಿಕೊಳ್ಳುತ್ತಾನೆ. ಅವನೇ ಕೈಬಿಟ್ಟ ನೆಪವನ್ನು ನೀವು ಪಾಠ ಮಾಡಿದ್ದೀರಿ. ಅದನ್ನು ತೆಗೆಯಲೇಬೇಕು.

ಈಗ ನಾನು ಈ ಪತ್ರ ಬರೆಯಲು ಕಾರಣವಾದ ಸಾಲಿಗೆ ಬರುತ್ತೇನೆ. ಏಳನೇ ಪಾಠದ ಕೊನೆಗೆ, ಬ್ರಾಕೆಟ್ಟಿನೊಳಗೆ ಹೀಗೆ ಬರೆದಿದ್ದೀರಿ: ‘ನಮ್ಮ ಅಪ್ಪನ ಆಪರೇಷನ್‌ಗೆ ದೊಡ್ಡಪ್ಪ ದುಡ್ಡು ಕೊಡಲು ಬಂದಾಗ ಅಪ್ಪ ಅವನ ಹಂಗು ಬೇಡ ಎಂದರು, ಅಮ್ಮ ಬಳೆ ಗಿರವಿ ಇಟ್ಟರು’.

ಇದೇ ನಿಮ್ಮ ಲೇಖನ. ಉಳಿದ ಒಂಬತ್ತು ಪಾಠಗಳನ್ನು ಬಿಟ್ಟುಬಿಡಿ.

‘ಹಂಗು’ ಎಂಬ ಮಾತು ನೋಡಿ. ಅದರಲ್ಲಿ ಸಾಲ ಇದೆ, ಋಣ ಇದೆ, ಮುಂದೆ ಆ ಮನೆಯ ಮದುವೆಯಲ್ಲಿ ತಲೆ ತಗ್ಗಿಸಿ ಕೂರಬೇಕಾದ ಭಯವೂ ಇದೆ. ವಾಲ್ಟರ್‌ಗೆ ಈ ಪದ ಗೊತ್ತಿಲ್ಲ, ಆದರೆ ಅವನನ್ನು ತಿಂದದ್ದು ಇದೇ. ಇಬ್ಬರ ಬಿಗುಮಾನದ ಬೆಲೆಯನ್ನೂ ಕಟ್ಟಿದ್ದು ಮನೆಯ ಹೆಂಗಸು. ಇದನ್ನು ನೀವು ಒಂದು ಬ್ರಾಕೆಟ್ಟಿನಲ್ಲಿ ಕಂಡಿದ್ದೀರಿ, ಆದರೆ ಅಲ್ಲಿಂದ ಬೇಗ ಓಡಿಹೋಗಿದ್ದೀರಿ. ಮನೆಯವರ ವಿಷಯ, ಸಂಕೋಚ ಆಗಿರಬಹುದು. ಅದು ನನಗೆ ಅರ್ಥವಾಗುತ್ತದೆ.

ಬರೆಯುವಾಗ ಒಂದು ಎಚ್ಚರ ಇರಲಿ. ಅಪ್ಪನನ್ನು ವಾಲ್ಟರ್ ಮಾಡಬೇಡಿ. ಅವರು ಯಾರಿಗೂ ಕೇಡು ಮಾಡಲಿಲ್ಲ. ಅಣ್ಣನ ದುಡ್ಡು ಬೇಡ ಅನ್ನಲು ಅವರಿಗೆ ಕಾರಣವೂ ಇದ್ದಿರಬಹುದು. ಆಸ್ತಿ ಪಾಲಿನ ಹಳೆಯ ಮಾತೋ, ಯಾವುದೋ ಹಬ್ಬದ ದಿನ ಎಲ್ಲರ ಎದುರು ಆದ ಅವಮಾನವೋ. ಅವರನ್ನು ಕೇಳಲು ಆಗುವುದಾದರೆ ಕೇಳಿ. ಅಮ್ಮನನ್ನಂತೂ ಕೇಳಲೇಬೇಕು. ಗಿರವಿ ಅಂಗಡಿಗೆ ಯಾರು ಜೊತೆಗೆ ಹೋದರು, ಕೈಯಿಂದ ಬಳೆ ತೆಗೆದದ್ದು ಮನೆಯಲ್ಲೋ ಅಂಗಡಿಯಲ್ಲೋ, ಆ ಬಳೆ ಮತ್ತೆ ಬಂತೋ ಇಲ್ಲವೋ. ಓದುವವಳಾಗಿ ನನಗೆ ಇವೆಲ್ಲ ತಿಳಿಯಬೇಕು.

ಸರಣಿಯಿಂದ ಎಲಿಯಟ್ ಮನೆಯ ಆ ಒಂದು ದೃಶ್ಯ ಸಾಕು. ನೋಡದವರಿಗೂ ಅರ್ಥವಾಗುವಂತೆ ಐದಾರು ಸಾಲಿನಲ್ಲಿ ಹೇಳಿ, ನಿಮ್ಮ ಮನೆಗೆ ಬನ್ನಿ. ಪಾಠಕ್ಕೆ ನಂಬರ್ ಬೇಡ. ಒಂಬೈನೂರು ಪದ ಸಾಕು. ಪ್ರಕಟಿಸುವ ಮೊದಲು ಅಮ್ಮನಿಗೆ ಓದಿ ಹೇಳಿ, ಅವರು ಬೇಡ ಎಂದ ಸಾಲನ್ನು ತೆಗೆಯಿರಿ. ಒಂದು ತಿಂಗಳಲ್ಲಿ ಕಳಿಸಿದರೆ ನಾನೇ ಕೂತು ತಿದ್ದುತ್ತೇನೆ.