ಎಂಟು ವರ್ಷದ ಸುಮಾ ಇಷ್ಟು ಕನ್ನಡ ಎಲ್ಲಿ ಕಲಿತಳು?

ಪ್ರಿಯ ಲೇಖಕಿಯವರೇ,

ನಿಮ್ಮ ಕಾದಂಬರಿಯ ಹಸ್ತಪ್ರತಿ ಓದಿದೆ. ಶ್ರೀರಾಂಪುರದ ವಠಾರ ಚೆನ್ನಾಗಿ ಬಂದಿದೆ. ನಲ್ಲಿ ಜಗಳವಂತೂ ಕಿವಿಗೇ ಕೇಳಿಸಿತು. ಹೊಗಳಿಕೆ ಇಷ್ಟು ಸಾಕು, ಸಿಟ್ಟು ತರಿಸಿದ ವಿಷಯಕ್ಕೆ ಬರುತ್ತೇನೆ.

ಕಥೆ ಹೇಳುವವಳು ಸುಮಾ, ಮೂರನೇ ಕ್ಲಾಸು. ಅಪ್ಪನ ಕಾರ್ಖಾನೆ ಮುಚ್ಚಿದೆ, ಅವಳಿಗೆ ಯಾರೂ ಹೇಳಿಲ್ಲ. ನೀವು ಬರೆಯುತ್ತೀರಿ: ‘ಅಪ್ಪ ಇವತ್ತು ಬೇಗ ಬಂದರು. ಟಿಫನ್ ಡಬ್ಬಿಯಲ್ಲಿ ಚಿತ್ರಾನ್ನ ಹಾಗೇ ಇತ್ತು. ಎಲ್ಲಾ ನನಗೇ ಕೊಟ್ಟರು. ದಿನಾ ಹೀಗೇ ಬನ್ನಿ ಅಂದೆ.’ ಓದಿ ಸುಮ್ನೆ ಕೂತುಬಿಟ್ಟೆ. ಹುಡುಗಿಗೆ ಖುಷಿ, ನನಗೆ ಸಂಕಟ. ಮುಂದಿನ ಸಾಲು? ‘ಅಪ್ಪನ ಮೌನದಲ್ಲಿ ಬದುಕಿನ ನಿರರ್ಥಕತೆ ಹೆಪ್ಪುಗಟ್ಟಿತ್ತು.’ ಯಾರಮ್ಮಾ ಇದು? ಇಷ್ಟೆಲ್ಲ ಗೊತ್ತಿರುವ ಹುಡುಗಿ ‘ದಿನಾ ಬನ್ನಿ’ ಅನ್ನುತ್ತಾಳಾ? ಈ ಒಂದು ಸಾಲು ಹಿಂದಿನ ನಾಲ್ಕನ್ನೂ ಸಾಯಿಸಿತು.

ಅದರ ಕೆಳಗೇ ‘ಅಮ್ಮನ ಚಿನ್ನದ ಬಳೆಯ ಜೊತೆ ನಮ್ಮ ಮಾನವೂ ಅಡವಿಗೆ ಹೋಯಿತೆಂದು ಅರಿತೆ.’ ಅರಿತಳಂತೆ! ಅವಳಿಗೆ ಅಡವು ಗೊತ್ತಾಗುವುದು ಬೇಡ. ‘ಪಾತ್ರೆ ಉಜ್ಜುವಾಗ ಅಮ್ಮನ ಬಳೆ ಇವತ್ತು ಬೇರೆ ಥರ ಸದ್ದು ಮಾಡಿತು.’ ಗಾಜಿನದು ಮಾತ್ರ ಉಳಿದಿದೆ ಅಂತ ನಾವು ಊಹಿಸುತ್ತೇವೆ. ಅಷ್ಟು ಹೇಳಿ ಅವಳು ಕುಂಟೆಬಿಲ್ಲೆಗೆ ಓಡಲಿ.

ಇನ್ನು ‘ಐಚ್ಕೀಮು’, ‘ಇಕ್ಕೂಲು’. ಎಂಟು ವರ್ಷಕ್ಕೆ ನಾಲಿಗೆ ತಿರುಗುತ್ತದೆ. ಒಂದು ಕಡೆ ನಿರರ್ಥಕತೆ, ಇನ್ನೊಂದು ಕಡೆ ಐಚ್ಕೀಮು. ಅವಳ ವಯಸ್ಸು ನೀವೇ ನಿರ್ಧರಿಸಿಲ್ಲ, ಅಲ್ವಾ?

ದೊಡ್ಡ ಮಾತು ಬೇಕೇ ಬೇಕು ಅಂದರೆ ದಾರಿ ಇದೆ. ಹಾರ್ಪರ್ ಲೀ ಅವರ ‘ಟು ಕಿಲ್ ಎ ಮಾಕಿಂಗ್‌ಬರ್ಡ್’ (1960) ಕಾದಂಬರಿ ಶುರುವಾಗುವಾಗ ಅದರ ಪುಟ್ಟ ಹುಡುಗಿ ಸ್ಕೌಟ್‌ಗೆ ಇನ್ನೂ ಆರು ತುಂಬಿಲ್ಲ. ಆದರೆ ಹೇಳುತ್ತಿರುವವಳು ದೊಡ್ಡವಳಾದ ಸ್ಕೌಟ್. ಹಾಗಾಗಿ ತೂಕದ ಮಾತು ಅವಳಿಗೆ ಒಪ್ಪುತ್ತದೆ. ಮಾರ್ಕ್ ಟ್ವೈನ್ ಅವರ ಕಾದಂಬರಿಯ ಹಕ್ ಫಿನ್ ಹಾಗಲ್ಲ. ಅವನು ಹುಡುಗನಾಗಿದ್ದಾಗಲೇ, ತನ್ನ ಆಡುಮಾತಿನಲ್ಲೇ, ವ್ಯಾಕರಣದ ಗೊಡವೆ ಇಲ್ಲದೆ ಹೇಳುತ್ತಾನೆ. ಸುಮಾ ಯಾವಾಗ ಹೇಳುತ್ತಿದ್ದಾಳೆ? ಎಂಟಕ್ಕಾ, ನಲವತ್ತಕ್ಕಾ? ಎರಡೂ ಆಗಬಹುದು, ಆದರೆ ಒಂದೇ ಪ್ಯಾರಾದಲ್ಲಿ ಆಗದು.

ನಾನು ಕೆಲಸ ಕಲಿತದ್ದು ಚಾಮರಾಜಪೇಟೆಯ ಸಣ್ಣ ಪ್ರೆಸ್ಸಿನಲ್ಲಿ, ಅಚ್ಚಿನ ಮೊಳೆಗಳನ್ನು ಅಕ್ಷರ ಅಕ್ಷರವಾಗಿ ಕೈಯಲ್ಲಿ ಜೋಡಿಸುತ್ತಿದ್ದ ಕಾಲದಲ್ಲಿ. ನಾನು ಕಾಪಿ ಹಿಡಿದು ಗಟ್ಟಿಯಾಗಿ ಓದಬೇಕು, ಹಿರಿಯರೊಬ್ಬರು ಪ್ರೂಫು ತಿದ್ದಬೇಕು. ಅವರಿಗೆ ಕಾಗುಣಿತಕ್ಕಿಂತ ದನಿಯ ಮೇಲೆ ಕಿವಿ ಜಾಸ್ತಿ. ಮಗುವಿನ ಮಾತು ಓದುತ್ತಾ ನನ್ನ ಧಾಟಿ ಭಾಷಣಕ್ಕೆ ತಿರುಗಿದರೆ, ‘ನಿಲ್ಸಪ್ಪಾ, ಮೇಷ್ಟ್ರು ಬಂದ್ರು’ ಅನ್ನುತ್ತಿದ್ದರು. ಅಂಚಿನಲ್ಲಿ ಪೆನ್ಸಿಲ್‌ನಲ್ಲಿ ‘ಮೇ’ ಅಂತ ಗುರುತು. ಅದೇನೆಂದು ಲೇಖಕರಿಗೆ ಗೊತ್ತಾಗುತ್ತಿರಲಿಲ್ಲ, ಪಾಪ.

ನಿಮ್ಮ ಹಸ್ತಪ್ರತಿಯ ಅಂಚಿನಲ್ಲೂ ತುಂಬ ‘ಮೇ’ ಇವೆ. ತಿಂಗಳು ಅಂದುಕೊಳ್ಳಬೇಡಿ. ಮೊದಲ ಮೂರು ಅಧ್ಯಾಯ ತಿದ್ದಿ ಕಳಿಸಿ. ಕೊನೆಯಲ್ಲಿ ಹಠಾತ್ತನೆ ಬರುವ ದುಬೈ ಮಾವನ ವಿಷಯ ಆಮೇಲೆ ಜಗಳ ಆಡೋಣ.