ಸಿಕ್ಕುಬಿದ್ದ ಸ್ವಂತ ಸಮಸ್ಯೆಗೆ ಬೇರೊಂದು ಶಾಸ್ತ್ರ ನೆರವಾಗುತ್ತದೆಯೇ?

ಕಚೇರಿ ಕೆಲಸ, ತಾಯಿಯವರ ಆರೈಕೆ, ಇಲಾಖಾ ಪರೀಕ್ಷೆಯ ಸಿದ್ಧತೆ ಇವುಗಳ ನಡುವೆ ಎಷ್ಟು ಸಲ ವೇಳಾಪಟ್ಟಿ ಹಾಕಿಕೊಂಡರೂ ಯಾವುದೂ ಮುಗಿಯುತ್ತಿಲ್ಲವೆಂದೂ, ಇದು ನಿಮ್ಮ ಶಿಸ್ತಿನ ಕೊರತೆಯೇ ಇರಬೇಕೆಂದೂ ಬರೆದಿದ್ದೀರಿ. ಬೇರೆ ಬೇರೆ ಶಾಸ್ತ್ರಗಳ ಚಿಂತನೆ ಇಂಥಲ್ಲಿ ನಿಜಕ್ಕೂ ಉಪಯೋಗಕ್ಕೆ ಬರುತ್ತದೆಯೇ ಎಂದು ಕೇಳಿದ್ದೀರಿ. ಬರುತ್ತದೆ. ಆದರೆ ತಾನಾಗಿ ಬರುವುದಿಲ್ಲ, ನಾವೇ ಕರೆಯಬೇಕಾಗುತ್ತದೆ.

ಮನೋವಿಜ್ಞಾನಿಗಳಾದ ಮೇರಿ ಗಿಕ್ ಮತ್ತು ಕೀತ್ ಹೋಲಿಯೋಕ್ 1980ರಲ್ಲಿ ಪ್ರಕಟಿಸಿದ ಪ್ರಯೋಗಗಳು ಇದನ್ನು ಚೆನ್ನಾಗಿ ತೋರಿಸುತ್ತವೆ. ಕೋಟೆಯೊಂದನ್ನು ಹಿಡಿಯಲು ಸೇನಾಪತಿ ತನ್ನ ಸೈನ್ಯವನ್ನು ಚಿಕ್ಕ ತುಕಡಿಗಳಾಗಿ ಒಡೆದು ಹಲವು ದಾರಿಗಳಿಂದ ಕಳುಹಿಸಿದ ಕಥೆಯನ್ನು ಓದಿಸಿ, ಬಳಿಕ, ಸುತ್ತಲಿನ ಅಂಗಾಂಶಕ್ಕೆ ಹಾನಿಯಾಗದಂತೆ ಕಿರಣಗಳಿಂದ ಗೆಡ್ಡೆಯನ್ನು ನಾಶಮಾಡುವುದು ಹೇಗೆಂದು ಕೇಳಲಾಯಿತು. ಗೆಡ್ಡೆಯಲ್ಲಿ ಒಂದಾಗುವಂತೆ ಹಲವು ದಿಕ್ಕುಗಳಿಂದ ದುರ್ಬಲ ಕಿರಣಗಳನ್ನು ಹಾಯಿಸಬೇಕೆಂಬ ಉತ್ತರ ಆ ಕಥೆಯಲ್ಲೇ ಇದ್ದರೂ ಹೆಚ್ಚಿನವರಿಗೆ ಹೊಳೆಯಲಿಲ್ಲ. ಕಥೆ ನೆರವಾದೀತೆಂದು ಸೂಚಿಸಿದ ಮೇಲೆ ಬಹುಪಾಲು ಜನ ಬಿಡಿಸಿದರು.

ಆದ್ದರಿಂದ ನಾನು ಮೊದಲು ಮಾಡುವ ಕೆಲಸವೆಂದರೆ, ಸಮಸ್ಯೆಯಿಂದ ಮನೆ, ಕಚೇರಿ, ಬಂಧುಗಳ ಹೆಸರುಗಳನ್ನೆಲ್ಲ ತೆಗೆದು ಅದನ್ನು ಬರೆದು ನೋಡುವುದು. ನಿಮ್ಮದನ್ನು ಹಾಗೆ ಬರೆದರೆ ಇಷ್ಟು ಉಳಿಯುತ್ತದೆ: ಕೆಲಸಗಳು ಹೇಳದೆ ಕೇಳದೆ ಬರುತ್ತವೆ, ಒಂದೊಂದಕ್ಕೆ ಎಷ್ಟು ಹೊತ್ತು ಹಿಡಿಯುತ್ತದೆಂದು ಗೊತ್ತಿಲ್ಲ, ಮಾಡುವವರು ಒಬ್ಬರೇ. ನಾನು ಸಂಖ್ಯಾಶಾಸ್ತ್ರ ಕಲಿಸುವವನು. ಇದು ಕಾಯುವ ಸಾಲುಗಳು ಹೇಗೆ ಬೆಳೆಯುತ್ತವೆಂದು ಲೆಕ್ಕ ಹಾಕುವ ಸರತಿ ಸಾಲಿನ ಸಿದ್ಧಾಂತದ ಮೊದಲ ಪಾಠವೆಂದು ನನಗೆ ಕೂಡಲೇ ಗುರುತು ಸಿಗುತ್ತದೆ. ಕೋಪನ್‌ಹೇಗನ್ನಿನ ಟೆಲಿಫೋನ್ ಕಂಪನಿಯಲ್ಲಿದ್ದ ಆಗ್ನರ್ ಎರ್ಲಾಂಗ್ 1909ರಲ್ಲಿ ದೂರವಾಣಿ ಕರೆಗಳ ಬಗ್ಗೆ ಬರೆದ ಪ್ರಬಂಧದಿಂದ ಬೆಳೆದ ಶಾಸ್ತ್ರವಿದು. ಇದರ ಅತಿ ಸರಳ ಮಾದರಿಯಲ್ಲಿ, ಕೆಲಸ ಮಾಡುವವರು ತಮ್ಮ ಸಮಯದ ಶೇ. 80ರಷ್ಟು ತೊಡಗಿದ್ದರೆ ಸರಾಸರಿ 4 ಕೆಲಸಗಳು ಕೈಯಲ್ಲಿರುತ್ತವೆ, ಶೇ. 90 ಆದರೆ 9, ಶೇ. 95 ಆದರೆ 19. ಹೊರೆ ಐದನೆಯ ಒಂದು ಪಾಲೂ ಹೆಚ್ಚಿಲ್ಲ, ಬಾಕಿ ಮಾತ್ರ ಹೆಚ್ಚುಕಡಿಮೆ ಐದು ಪಟ್ಟಾಗಿದೆ. ಆ ಮಾದರಿಯಲ್ಲಿ ಸೋಮಾರಿತನಕ್ಕೆ ಜಾಗವೇ ಇಲ್ಲ ಎಂಬುದನ್ನು ದಯವಿಟ್ಟು ಗಮನಿಸಿ.

ಬೆಳಗಿನಿಂದ ರಾತ್ರಿಯವರೆಗೆ ಅರ್ಧರ್ಧ ಗಂಟೆಯನ್ನೂ ತುಂಬಿಸಿದ ವೇಳಾಪಟ್ಟಿ ಒಂದು ಜ್ವರಕ್ಕೆ, ಒಂದು ತುರ್ತು ಕಡತಕ್ಕೆ ಕುಸಿಯುವುದು ಇದೇ ಕಾರಣಕ್ಕೆ. ನನ್ನ ತಂದೆಯವರು ಹಾಸಿಗೆ ಹಿಡಿದಿದ್ದಾಗ ನಾನು ಸಂಜೆ ಐದರಿಂದ ಆರೂವರೆಯವರೆಗೆ ಯಾವ ಕೆಲಸವನ್ನೂ ಇಟ್ಟುಕೊಳ್ಳುತ್ತಿರಲಿಲ್ಲ. ಸಿಲಿಂಡರ್ ಬರುವುದು, ಬ್ಯಾಂಕಿನವರು ಕೆವೈಸಿ ಕೇಳುವುದು, ಮೆಡಿಕಲ್ ಶಾಪಿನಲ್ಲಿ ಸಿಗದ ಮಾತ್ರೆಗೆ ಇನ್ನೊಂದು ಅಂಗಡಿ ಹುಡುಕುವುದು, ಇಂಥವೆಲ್ಲ ಆ ಹೊತ್ತಿನಲ್ಲಿ ಮುಗಿಯುತ್ತಿದ್ದವು. ರಾತ್ರಿಯ ಓದಿಗೆ ಅವು ಅಡ್ಡಬರುತ್ತಿರಲಿಲ್ಲ.

ಇಲ್ಲಿಗೆ ಗಣಿತದ ಮಾತು ಮುಗಿಯುತ್ತದೆ. ತಾಯಿ ಸರತಿಯಲ್ಲಿ ನಿಂತ ಗಿರಾಕಿಯಲ್ಲ. ಯಾವುದನ್ನು ಬಿಡಬೇಕು, ಯಾವುದನ್ನು ಯಾರಿಗೆ ಒಪ್ಪಿಸಬೇಕು ಎಂಬುದನ್ನು ಯಾವ ಸೂತ್ರವೂ ಹೇಳಲಾರದು, ಅದನ್ನು ಮನೆಯವರೊಂದಿಗೆ ಕೂತು ಮಾತನಾಡಿಯೇ ತೀರ್ಮಾನಿಸಬೇಕು. ಆದರೆ ಶೇ. 95ರಿಂದ 80ಕ್ಕೆ ಇಳಿಯಲು ಆರರಲ್ಲಿ ಒಂದು ಕೆಲಸ ಕಡಿಮೆಯಾದರೆ ಸಾಕು. ಆಸ್ಪತ್ರೆಯ ಓಡಾಟವನ್ನು ನಿಮ್ಮ ತಮ್ಮನವರು ವಹಿಸಿಕೊಳ್ಳಬಲ್ಲರೇ, ಪರೀಕ್ಷೆಯ ಒಂದು ಪತ್ರಿಕೆಯನ್ನು ಮುಂದಿನ ಬಾರಿಗೆ ಇಡಬಹುದೇ ಎಂಬಲ್ಲಿಂದ ಆ ಮಾತುಕತೆಯನ್ನು ಆರಂಭಿಸಿ.