ಕಾದಾಡುವ ಮೆಟ್ಸೊಗಳು: ಕಂಡದ್ದೋ, ಕಲ್ಪಿಸಿದ್ದೋ?

ಪ್ರಶ್ನೆ: ಫಿನ್ಲೆಂಡಿನ ಫರ್ಡಿನಾಂಡ್ ವಾನ್ ರೈಟ್ 1886ರಲ್ಲಿ ರಚಿಸಿದ ‘ಕಾದಾಡುವ ಮೆಟ್ಸೊಗಳು’ ಚಿತ್ರದ ಮುದ್ರಿತ ಪ್ರತಿಯನ್ನು ನೋಡಿದೆ. ಎರಡು ದೊಡ್ಡ ಹಕ್ಕಿಗಳು ಎದುರುಬದುರಾಗಿ ಎರಗುವ ಈ ದೃಶ್ಯವನ್ನು ಕಲಾವಿದ ಕಣ್ಣಾರೆ ಕಂಡಿದ್ದನೇ, ಅಥವಾ ಇದು ರೋಚಕತೆಗಾಗಿ ಮಾಡಿದ ಉತ್ಪ್ರೇಕ್ಷೆಯೇ?

ಉತ್ತರ: ಕಾದಾಟವಂತೂ ಉತ್ಪ್ರೇಕ್ಷೆಯಲ್ಲ. ಮೆಟ್ಸೊ ಎಂಬುದು ನಮ್ಮ ನವಿಲು, ಕಾಡುಕೋಳಿಗಳ ಕುಟುಂಬಕ್ಕೇ ಸೇರಿದ, ಉತ್ತರದ ಪೈನ್ ಕಾಡುಗಳ ಹಕ್ಕಿ. ಗಂಡು ನಾಲ್ಕು ಕಿಲೋ ಮೀರಿ ತೂಗುತ್ತದೆ, ಹೆಣ್ಣು ಅದರ ಅರ್ಧದಷ್ಟು. ವಸಂತದಲ್ಲಿ, ಇನ್ನೂ ಬೆಳಕು ಹರಿಯುವ ಮೊದಲೇ, ಗಂಡುಗಳು ಕಾಡಿನ ಗೊತ್ತಾದ ಜಾಗದಲ್ಲಿ ನೆರೆದು, ಬಾಲವನ್ನು ಬೀಸಣಿಗೆಯಂತೆ ಬಿಚ್ಚಿ, ಕತ್ತನ್ನು ಉಬ್ಬಿಸಿ ಕೂಗುತ್ತವೆ. ಯಾವುದೂ ಹಿಂದೆ ಸರಿಯದಿದ್ದರೆ ಕೊಕ್ಕು, ರೆಕ್ಕೆಗಳಿಂದ ಬಡಿದಾಡುತ್ತವೆ.

ಫರ್ಡಿನಾಂಡ್‌ಗೆ ಈ ಕಾಡು ಮನೆಯಂಗಳವಿದ್ದಂತೆ. ಕುವೊಪಿಯೊ ಬಳಿಯ ಹಾಮಿನಲಾಹ್ತಿಯಲ್ಲಿ 1822ರಲ್ಲಿ ಹುಟ್ಟಿದ ಆತ, ಮಾಗ್ನುಸ್ ಮತ್ತು ವಿಲ್ಹೆಲ್ಮ್ ಎಂಬ ಚಿತ್ರಕಾರ ಅಣ್ಣಂದಿರ ಜೊತೆ ಬೇಟೆಯಾಡುತ್ತಲೇ ಹಕ್ಕಿಗಳನ್ನು ಅರಿತವನು. ಅಣ್ಣಂದಿರಿಬ್ಬರೂ ಸ್ವೀಡನ್ನಿನ ಹಕ್ಕಿಗಳನ್ನು ಕುರಿತ ಗ್ರಂಥವೊಂದಕ್ಕೆ ಚಿತ್ರ ಬರೆದರು. ಹದಿಹರೆಯದಲ್ಲೇ ಈತನೂ ವಿಲ್ಹೆಲ್ಮ್‌ಗೆ ನೆರವಾಗಲು ಸ್ವೀಡನ್ನಿಗೆ ಹೋದ. ಇಲ್ಲೊಂದು ಮಾತು ಹೇಳಲೇಬೇಕು: ಅಂದಿನ ಪಕ್ಷಿಚಿತ್ರಕಾರ ಸಾಮಾನ್ಯವಾಗಿ ಹೊಡೆದುರುಳಿಸಿದ ಅಥವಾ ಒಳಗೆ ಹುಲ್ಲು, ಹತ್ತಿ ತುಂಬಿಟ್ಟ ಹಕ್ಕಿಯನ್ನು ಎದುರಿಗಿರಿಸಿಕೊಂಡೇ ಗರಿಗರಿಯನ್ನೂ ಬರೆಯುತ್ತಿದ್ದ. ಅಂದಮೇಲೆ ಜೀವಂತ ಹಕ್ಕಿಯ ಆವೇಶವನ್ನು ಆತ ತರಬೇಕಾದದ್ದು ಕಾಡಿನಲ್ಲಿ ಕಂಡ ನೆನಪಿನಿಂದ. ನಿಮ್ಮ ಪ್ರಶ್ನೆಗೆ ನೇರ ಉತ್ತರ ಇಲ್ಲಿದೆಯೆಂದು ನನ್ನ ಭಾವನೆ: ಇದು ಒಂದು ಮುಂಜಾವಿನ ವರದಿಯಲ್ಲ, ಎಷ್ಟೋ ಮುಂಜಾವುಗಳನ್ನು ಕೂಡಿಸಿ ಕಟ್ಟಿದ ಒಂದು ಕ್ಷಣ.

ಹಾಗೆ ಕಟ್ಟುವುದರಲ್ಲಿ ರಂಗಸಜ್ಜಿಕೆ ಉಂಟು ಎನ್ನುವುದನ್ನು ನಾನು ಅಲ್ಲಗಳೆಯುವುದಿಲ್ಲ. 1850ರ ದಶಕದ ಕೊನೆಯಲ್ಲಿ ಡ್ರೆಸ್ಡೆನ್ನಿನಲ್ಲಿ ಕಲಿತು ಬಂದ ಮೇಲೆ, 1860ರಲ್ಲಿ ಆತ ಮೊಲದ ಮೇಲೆರಗಿದ ಕೊಂಬಿನ ಗೂಬೆಯನ್ನು ಚಿತ್ರಿಸಿದ. ಗ್ರಂಥಚಿತ್ರದಲ್ಲಿ ಬಿಳಿ ಹಾಳೆಯ ಮೇಲೆ ಒಂಟಿಯಾಗಿ ನಿಲ್ಲುತ್ತಿದ್ದ ಹಕ್ಕಿಗೆ ಅಲ್ಲಿ ಒಂದು ಕಾಡು, ಒಂದು ಹಸಿವು, ಒಬ್ಬ ಎದುರಾಳಿ ಸಿಕ್ಕಿದ್ದವು. ಮೆಟ್ಸೊಗಳ ಚಿತ್ರ ಬಂದದ್ದು ಆತನ ಅರವತ್ತು ದಾಟಿದ ವಯಸ್ಸಿನಲ್ಲಿ. ಫಿನ್ಲೆಂಡಿನ ಮನೆಗಳ ಗೋಡೆಗಳಿಗೆ ಮುದ್ರಿತ ಪ್ರತಿಗಳಾಗಿ ಹಬ್ಬಿ ಹಬ್ಬಿ ಅದು ಕೆಲವರಿಗೆ ಸವಕಲಾಗಿಯೂ ಕಂಡಿದೆ. ಹೆಲ್ಸಿಂಕಿಯ ಅತೆನೇಯುಮ್ ಕಲಾ ವಸ್ತುಸಂಗ್ರಹಾಲಯದಲ್ಲಿರುವ ಮೂಲವನ್ನು ನೋಡುವ ಅವಕಾಶ ಒದಗಿದರೆ ಕಾದಾಟವನ್ನು ಅರೆಗಳಿಗೆ ಬದಿಗಿಟ್ಟು, ಹಕ್ಕಿಗಳ ಹಿಂದಿನ ಕಾಡನ್ನು ಗಮನಿಸಿ.